ಶಂಕರಪುರ ಮಲ್ಲಿಗೆ: ಅಟ್ಟೆಯ ದರದಾಚೆಗಿನ ಚರಿತ್ರೆ

ಮಲ್ಲಿಗೆಯ ಮಾತೆತ್ತಿದರೆ ಕನ್ನಡ ಓದುಗರ ಮನಸ್ಸು ಮೊದಲು ಓಡುವುದು ಮೈಸೂರಿಗೆ. 1942ರಲ್ಲಿ ಬಂದ ಕೆ.ಎಸ್. ನರಸಿಂಹಸ್ವಾಮಿಯವರ ಸಂಕಲನದ ಹೆಸರು ಅಷ್ಟು ಗಟ್ಟಿಯಾಗಿ ನೆಲೆನಿಂತಿದೆ. ಆ ನಗರದ ಸುತ್ತಲಿನ ಹೂದೋಟಗಳು ಬಡಾವಣೆಗಳಿಗೆ ಜಾಗ ಬಿಟ್ಟುಕೊಡುತ್ತ ಬಂದರೂ ಕಾಪು ತಾಲೂಕಿನ ಶಂಕರಪುರದ ಕಡೆಗೆ ಯಾರ ಕಣ್ಣೂ ಅಷ್ಟಾಗಿ ಹೊರಳಲಿಲ್ಲ. ಇಲ್ಲಿನ ಹೂವು ಸುದ್ದಿಯಾಗುವುದು ಎರಡೇ ಸಂದರ್ಭದಲ್ಲಿ: ಅಟ್ಟೆಗೆ, ಅಂದರೆ ಕಟ್ಟಿದ ಹೂವಿನ ಅಳತೆಗೆ, ದರ ಏರಿದಾಗ, ಇಲ್ಲವೇ ಯಾರಾದರೂ ತಾರಸಿಯ ಕುಂಡಗಳಲ್ಲಿ ಮಲ್ಲಿಗೆ ಬೆಳೆದು ಗಳಿಸಿದಾಗ.

ಗಿಡ ಹೊಸದೇನಲ್ಲ. ಇದರ ಜಾತಿ, ಜಾಸ್ಮಿನಂ ಸಾಂಬಾಕ್, ಏಷ್ಯಾದ ಉದ್ದಗಲಕ್ಕೂ ಇದೆ. ಚೀನಾದ ಫುಝೌನಲ್ಲಿ ಇದೇ ಜಾತಿಯ ಮೊಗ್ಗನ್ನು ಹಸಿರು ಚಹಾದೊಂದಿಗೆ ಬೆರೆಸಿ ಎಲೆಗೆ ಪರಿಮಳ ಹಿಡಿಸುತ್ತಾರೆ. ಆ ಪದ್ಧತಿಗೆ 2014ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪಾರಂಪರಿಕ ಕೃಷಿ ಮಾನ್ಯತೆಯೂ ದಕ್ಕಿತು. ನಮ್ಮಲ್ಲಿ ಹೂವು ಹೋದದ್ದು ಮುಡಿಗೆ, ದೇವರಿಗೆ, ಭೂತಕ್ಕೆ, ನಾಗನಿಗೆ. ಕಾಪುವಿನ ಮಾರಿಪೂಜೆಯಂತೂ ಮಲ್ಲಿಗೆ ಇಲ್ಲದೆ ನಡೆಯುವುದಿಲ್ಲ.

ಈ ಬೆಳೆಯ ನಿಜವಾದ ಕಥೆ ಇರುವುದು ಗಂಡಸರು ಮುಂಬೈಯ ಹೋಟೆಲುಗಳಿಗೆ, ಆಮೇಲೆ ಕೊಲ್ಲಿ ದೇಶಗಳಿಗೆ ಹೊರಟ ದಶಕಗಳಲ್ಲಿ. ಮನೆಯಲ್ಲಿ ಉಳಿದ ಹೆಂಗಸರ ಕೈಗೆ ನಗದು ತಂದದ್ದು ಬೀಡಿ ಮತ್ತು ಮಲ್ಲಿಗೆ. ಬೀಡಿಯ ಎಲೆ, ಹೊಗೆಸೊಪ್ಪು ಎರಡೂ ಗುತ್ತಿಗೆದಾರನಿಂದ ಬರಬೇಕಿತ್ತು. ಮಲ್ಲಿಗೆ ಗಿಡ ಅಂಗಳದಲ್ಲೇ, ಸ್ವಂತದ್ದು. ಕ್ರೈಸ್ತರ ಮನೆ, ಬಂಟರ ಮನೆ, ಬಿಲ್ಲವರ ಮನೆ ಎನ್ನದೆ ಇನ್ನಂಜೆ, ಶಿರ್ವ, ಪಾಂಗಾಳದ ಮುರಕಲ್ಲು ನೆಲದಲ್ಲಿ ಗಿಡಗಳ ಸಾಲು ಎದ್ದಿತು. ಒಲೆಯ ಬೂದಿ, ಹಟ್ಟಿಯ ಗೊಬ್ಬರ, ನೆಲಗಡಲೆ ಹಿಂಡಿ ಬುಡಕ್ಕೆ ಬಿದ್ದವು. ಗೆಲ್ಲು ಸವರುವುದು ಯಾವಾಗ, ನೀರು ಎಷ್ಟು ಎಂಬ ತಿಳಿವಳಿಕೆ ಅತ್ತೆಯಿಂದ ಸೊಸೆಗೆ ದಾಟಿತು. ಕರಾವಳಿಯ ಕೃಷಿ ವಿಜ್ಞಾನಕ್ಕೆ ಈ ಹೆಂಗಸರ ಕೊಡುಗೆ ಯಾವ ಸಂಶೋಧನಾ ಕೇಂದ್ರದ್ದಕ್ಕಿಂತಲೂ ಕಡಿಮೆಯದಲ್ಲ.

ಅವರ ಕೆಲಸವನ್ನು ಹತ್ತಿರದಿಂದ ನೋಡಬೇಕು. ಮೊಗ್ಗು ಸಂಜೆಗೆ ಅರಳಿಬಿಡುತ್ತದೆ. ಅದಕ್ಕೆ ಬೆಳಗ್ಗೆಯೇ ಕೊಯ್ಲು. ಬಾಳೆನಾರನ್ನು ಒದ್ದೆ ಮಾಡಿ ಸೀಳಿ, ತೊಟ್ಟುಗಳನ್ನು ಎದುರುಬದುರಾಗಿ ಇಟ್ಟು ಬಿಗಿಯುತ್ತ ಹೋಗುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಿಗಿ ಹೆಚ್ಚಾದರೆ ತೊಟ್ಟು ತುಂಡಾಗುತ್ತದೆ, ಸಡಿಲವಾದರೆ ಹೂವು ಉದುರುತ್ತದೆ. ಅಷ್ಟನ್ನೂ ಮುಗಿಸಿ ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಮಲ್ಲಿಗೆಗೂ ಜಾಜಿಗೂ ಆ ದಿನದ ದರ ನಿಗದಿಯಾಗುವುದು ಅಲ್ಲಿ. ಬೇಸಿಗೆಯಲ್ಲಿ ಹೂವು ಉಕ್ಕಿದಾಗ ದರ ಕುಸಿಯುತ್ತದೆ, ಗಿಡ ಬರಿದಾದ ತಿಂಗಳುಗಳಲ್ಲಿ ಗಗನಕ್ಕೇರುತ್ತದೆ. ಏರಿದ ದರ ಮಾತ್ರ ಪತ್ರಿಕೆಯಲ್ಲಿ ಅಚ್ಚಾಗುತ್ತದೆ.

2007–08ರಲ್ಲಿ ಮೈಸೂರು, ಹಡಗಲಿ ಮಲ್ಲಿಗೆಗಳ ಸಾಲಿನಲ್ಲಿ ಶಂಕರಪುರದ ಹೂವೂ ಉಡುಪಿ ಮಲ್ಲಿಗೆ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಿಕೆಯ ಪಟ್ಟಿ ಸೇರಿತು. ಸಂಭ್ರಮ ಸಹಜವೇ. ಆದರೆ ಹೆಸರನ್ನು ಕಾಯುವ ಕೆಲಸ ಅಲ್ಲಿಗೆ ನಿಂತಿತು. ಜಪಾನಿನ ಪುಟ್ಟ ನಗರ ಉಜಿಯ ಹೆಸರಿನ ಚಹಾಕ್ಕೆ 2004ರಲ್ಲಿ ಅಲ್ಲಿನ ಚಹಾ ಉದ್ಯಮದವರೇ ಗೆರೆ ಎಳೆದುಕೊಂಡರು: ಎಲೆ ಕ್ಯೋಟೊ, ನಾರಾ, ಶಿಗಾ, ಮಿಯೆ ಈ ನಾಲ್ಕು ಪ್ರಾಂತಗಳದ್ದಾಗಿರಬೇಕು, ಹದ ಮಾಡುವುದು ಕ್ಯೋಟೊದೊಳಗೇ ಆಗಬೇಕು. ಅಷ್ಟು ದೂರ ಹೋಗುವುದೂ ಬೇಡ. ಶಂಕರಪುರದ ಪಕ್ಕದ ಮಟ್ಟುವಿನ ಗುಳ್ಳ ಬದನೆಗೆ 2011ರಲ್ಲಿ ಇದೇ ಮಾನ್ಯತೆ ಬಂದ ಮೇಲೆ ಬೆಳೆಗಾರರು ಕಾಯಿಗೆ ಸ್ಟಿಕ್ಕರ್ ಅಂಟಿಸಿ ಮಾರುವ ವ್ಯವಸ್ಥೆ ಮಾಡಿಕೊಂಡರು. ಮಲ್ಲಿಗೆಗೆ ಅಂಥ ಗುರುತಿಲ್ಲ. ಭಟ್ಕಳ ಮಲ್ಲಿಗೆ ಪಕ್ಕದಲ್ಲೇ ಕುಳಿತಾಗ ಪೇಟೆಯ ಹೊಸ ಗಿರಾಕಿಗೆ ವ್ಯತ್ಯಾಸ ತಿಳಿಯುವುದು ಕಷ್ಟ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಿದ್ದದ್ದು ಹೂವು ತುಂಬಿ ಬರುವ ಕಾಲಕ್ಕೆ. ಮದುವೆ ಇಲ್ಲ, ದೇವಸ್ಥಾನ ಮುಚ್ಚಿದೆ, ಮುಂಬೈಗೆ ಸಾಗಾಟ ಇಲ್ಲ. ಹಸಿ ಹೂವನ್ನೇ ನಂಬಿದ ಬೆಳೆಗೆ ಎರಡನೇ ದಾರಿ ಇಲ್ಲವೆಂಬುದು ಆಗ ಬಯಲಾಯಿತು. ಫುಝೌನಂತೆ ಚಹಾಕ್ಕೋ, ಅತ್ತರಿಗೋ ತಿರುಗಿಸುವ ಮಾತು ಇಲ್ಲಿ ಗಟ್ಟಿಯಾಗಿ ನಡೆದೇ ಇಲ್ಲ.

ಈಗ ಗಿಡ ಬೆಳ್ಮಣ್, ಕಾರ್ಕಳ ದಾಟಿ ಬಜಗೋಳಿಯ ಅಡಿಕೆ ತೋಟದ ಮನೆಗಳ ಅಂಗಳದವರೆಗೂ ಬಂದಿದೆ. ಘಟ್ಟದ ಬುಡದ ಆ ಜಡಿಮಳೆಗೆ ಬುಡ ಕೊಳೆಯದಂತೆ ನೋಡಿಕೊಳ್ಳುವುದು ಹೇಗೆ? ತಾರಸಿ ಕೃಷಿಯ ಯಶೋಗಾಥೆಗಳು ಇದನ್ನು ಕೇಳುವುದಿಲ್ಲ. ಕಟ್ಟುವವರ ಕೂಲಿಯನ್ನೂ ಕೇಳುವುದಿಲ್ಲ. ಬೀಡಿ ಕಟ್ಟುವವರಿಗೆ ಕಾಯ್ದೆಯಿದೆ, ಭವಿಷ್ಯನಿಧಿಯಿದೆ; ನೆರೆಮನೆಯ ಹೂವು ಕಟ್ಟಿಕೊಡುವ ಹೆಂಗಸಿಗೆ ಅವು ದಕ್ಕಿಲ್ಲ. ಬೆಳೆ ಸಮೀಕ್ಷೆ ನಡೆಸುವವರು ಗಿಡಗಳ ಜೊತೆಗೆ ಕಟ್ಟುವವರನ್ನೂ ಎಣಿಸಲಿ. ಶಂಕರಪುರ, ಇನ್ನಂಜೆ, ಶಿರ್ವಗಳಿಂದಲೇ ಆ ಕೆಲಸ ಶುರುವಾಗಬಹುದು.