ಸೀಸದ ಲೆಕ್ಕ: ಕೋಲಾರ ಸೀಮೆಯಿಂದ ನೋಡಿದಂತೆ ಅಗ್ಗದ ಗುಂಡಿನ ಅರ್ಥಶಾಸ್ತ್ರ

ಕೋಲಾರ ತಾಲ್ಲೂಕಿನ ಕ್ಯಾಲನೂರಿನ ರೈತನೊಬ್ಬ ಕಾಡುಹಂದಿಯ ಕಾಟಕ್ಕೆ ಬೇಸತ್ತು ಬಂದೂಕಿನ ಪರವಾನಗಿಗೆ ಅರ್ಜಿ ಹಾಕಿದನೆನ್ನಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನ ಮೂರನೇ ಉಪಕಲಮು ಅವನಿಗೆ ಯಾವ ಬಂದೂಕು ಎಂಬುದನ್ನು ಮೊದಲೇ ತೀರ್ಮಾನಿಸಿಬಿಟ್ಟಿದೆ. ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ ಕೇಳಿದವನಿಗೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಯವಾದ ನಳಿಗೆಯ ಬಂದೂಕು; ಬೆಳೆ ಕಾಯಲು ಕೇಳಿದವನಿಗೆ ಮೂತಿಯಿಂದ ಮದ್ದು ತುಂಬುವ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನಯ ನಳಿಗೆಯ ಬಂದೂಕು. ಹತ್ತೊಂಬತ್ತನೆಯ ಶತಮಾನದ ಈ ಯಂತ್ರವನ್ನು ಇಪ್ಪತ್ತನೆಯ ಶತಮಾನದ ಶಾಸಕರು ರೈತನಿಗೆಂದೇ ಮೀಸಲಿಟ್ಟದ್ದು ಅದರ ಶಕ್ತಿ ಕಡಿಮೆ ಎಂಬ ಕಾರಣಕ್ಕೆ ಇರಬಹುದು. ಆದರೆ ಅದರಿಂದ ಇನ್ನೊಂದು ಪರಿಣಾಮವೂ ಆಯಿತು. ಕಾರ್ಖಾನೆಯ ತೋಟಾ ಬೇಡದ, ಪ್ರತಿ ಈಡನ್ನೂ ಒಡೆಯನೇ ಕೈಯಾರೆ ತುಂಬಬೇಕಾದ ಬಂದೂಕು ಈ ದೇಶದಲ್ಲಿ ಸಾಮಾನ್ಯನಿಗೆ ಕಾನೂನಿನ ಒಳಗೇ ಉಳಿದುಕೊಂಡಿತು.

ಕೈಯಿಂದ ತುಂಬುವವನಿಗೆ ಅಗ್ಗದ ಗುಂಡು ಯಾವುದು ಎಂಬ ಪ್ರಶ್ನೆಯನ್ನು ಅಮೆರಿಕದ ಹವ್ಯಾಸಿಗಳು ಲೋಹದ ದರಪಟ್ಟಿ ಹಿಡಿದು ಚರ್ಚಿಸುತ್ತಾರೆ. ಅಲ್ಲಿ ತೋಟಾದ ಹಿತ್ತಾಳೆಯ ಕೋಶವನ್ನು ಮತ್ತೆ ಮತ್ತೆ ಬಳಸಬಹುದು. ಕೇಪು, ಮದ್ದು ಅಂಗಡಿಯಲ್ಲಿ ಸಿಗುತ್ತವೆ. ಹಾಗಾಗಿ ಉಳಿತಾಯ ಮಾಡಲು ಉಳಿಯುವುದು ಗುಂಡೊಂದೇ. ನಮ್ಮಲ್ಲಿ ಲೆಕ್ಕ ತಲೆಕೆಳಗು. ಇಲ್ಲಿ ಸೀಸ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಸುಲಭ, ದುಬಾರಿಯಾದದ್ದು ಉಳಿದೆಲ್ಲವೂ. ಗುಂಡಿನ ಬೆಲೆಯನ್ನು ನಿರ್ಧರಿಸಿದ್ದು ಲೋಹವಲ್ಲ, ಮೊದಲು ನಳಿಗೆ, ಆಮೇಲೆ ವೇಗ, ಕೊನೆಗೆ ಕಾನೂನು ಎಂಬುದು ಈ ಲೇಖನದ ವಾದ.

ನಳಿಗೆಯಿಂದ ಶುರುಮಾಡೋಣ. ಹನ್ನೆರಡು ಬೋರಿನ ಬಂದೂಕು ಎಂದಾಗ ಆ ಹನ್ನೆರಡು ಅಳತೆಪಟ್ಟಿಯ ಅಂಕಿಯಲ್ಲ, ತಕ್ಕಡಿಯ ಅಂಕಿ. ಒಂದು ಪೌಂಡು ಸೀಸದಲ್ಲಿ ಆ ನಳಿಗೆಗೆ ಹೊಂದುವ ಹನ್ನೆರಡು ದುಂಡು ಗುಂಡುಗಳಾಗುತ್ತವೆ ಎಂದರ್ಥ. ಒಂದೊಂದರ ತೂಕ ಸುಮಾರು 37.8 ಗ್ರಾಂ, ಸೀಸದ ಸಾಂದ್ರತೆ 11.34 ಎಂದು ಹಿಡಿದು ಲೆಕ್ಕ ಹಾಕಿದರೆ ವ್ಯಾಸ 18.5 ಮಿಲಿಮೀಟರ್. ಅಂದರೆ ಹಳೆಯ ಬಂದೂಕುಗಳನ್ನು ಹೆಸರಿಸುವಾಗಲೇ ಒಂದು ಪೌಂಡು ಸೀಸಕ್ಕೆ ಎಷ್ಟು ಈಡು ಎಂಬ ಲೆಕ್ಕ ಅದರಲ್ಲಿ ಸೇರಿಹೋಗಿತ್ತು. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳು ಹೊತ್ತ ಬ್ರೌನ್ ಬೆಸ್ ಬಂದೂಕಿನ ಗುಂಡು ಸುಮಾರು 32 ಗ್ರಾಂ, ಪೌಂಡಿಗೆ ಹದಿನಾಲ್ಕು. ಫ್ರೆಂಚರದು ಅದಕ್ಕಿಂತ ಚಿಕ್ಕದು, 24ರಿಂದ 27 ಗ್ರಾಂ. ಒಂದು ಪೌಂಡು ಸೀಸದಲ್ಲಿ ಫ್ರೆಂಚ್ ಬಂದೂಕು ಮೂರರಿಂದ ಐದು ಈಡು ಹೆಚ್ಚು ಕೊಡುತ್ತಿತ್ತು. ಮೈಸೂರಿನ ದಂಡಿನಲ್ಲಿ ಈ ಎರಡೂ ಬಗೆಯವು ಇದ್ದವು, ಸ್ಥಳೀಯವಾಗಿ ತಯಾರಾದವೂ ಇದ್ದವು.

ಕೋಲಾರ ಸೀಮೆ ಈ ಸೀಸವನ್ನು ಕಂಡಷ್ಟು ಕರ್ನಾಟಕದ ಹೆಚ್ಚಿನ ಜಿಲ್ಲೆಗಳು ಕಂಡಿಲ್ಲ. ಮೈಸೂರನ್ನು ಆಳಿದ ಹೈದರ್ ಹುಟ್ಟಿದ್ದು ಬೂದಿಕೋಟೆಯಲ್ಲಿ. ತಂದೆ ಫತೇ ಮಹಮ್ಮದನ ಗೋರಿ ಕೋಲಾರದಲ್ಲಿ. 1768ರಲ್ಲಿ ಮುಳಬಾಗಿಲು, ಕೋಲಾರಗಳು ಕಂಪನಿಯ ಕೈಸೇರಿದವು. ಅದೇ ವರ್ಷದ ಅಕ್ಟೋಬರ್ 4ರಂದು ಮುಳಬಾಗಿಲಿನ ಬಂಡೆಗಳ ನಡುವೆ ಹೈದರನಿಗೂ ಕಂಪನಿಯ ಕರ್ನಲ್ ವುಡ್‌ನಿಗೂ ಕಾಳಗವಾಯಿತು. ಕಂಪನಿಯ ಪಡೆ ಸೋಲುವ ಹೊತ್ತಿಗೆ ಕ್ಯಾಪ್ಟನ್ ಬ್ರೂಕ್ ಎಂಬವನು ಬಂಡೆಯ ಮೇಲೆ ಎರಡು ತೋಪು ಎಳೆಸಿ, ದೊಡ್ಡ ಪಡೆಯೊಂದಿಗೆ ಕರ್ನಲ್ ಸ್ಮಿತ್ ಬಂದನೆಂದು ಕೂಗಿಸಿ ಹೈದರನನ್ನು ಗೊಂದಲಕ್ಕೆ ಕೆಡವಿದ. ಯುದ್ಧದ ಇತಿಹಾಸಕಾರರು ಈ ಕೂಗನ್ನು ತಪ್ಪದೆ ಬರೆಯುತ್ತಾರೆ; ಆ ದಿನ ಎಷ್ಟು ಸೀಸ ಖರ್ಚಾಯಿತೆಂದು ಬರೆಯುವುದಿಲ್ಲ. 1791ರ ಫೆಬ್ರವರಿಯ ಕೊನೆಗೆ ಕಾರ್ನ್‌ವಾಲಿಸ್ ಮೊಗಲಿ ಘಾಟು ಹತ್ತಿ ಇದೇ ದಾರಿಯಲ್ಲಿ ಬೆಂಗಳೂರಿಗೆ ನಡೆದಾಗ ಕೋಲಾರ ಹೋರಾಟವಿಲ್ಲದೆ ಅವನ ಕೈಸೇರಿತು.

ಸೀಸದ ಹೊರೆ ಎಷ್ಟಿತ್ತೆಂದು ಅಂದಾಜು ಮಾಡಬಹುದು. ಒಬ್ಬನಿಗೆ 36 ತೋಟಾದಂತೆ ಸಾವಿರ ಸಿಪಾಯಿಗಳಿಗೆ, ಗುಂಡಿಗೆ 32 ಗ್ರಾಂನಂತೆ, 1152 ಕಿಲೋ ಸೀಸ. ಹೇರೆತ್ತಿಗೆ ನೂರು ಕಿಲೋ ಎಂದು ಹಿಡಿದರೆ ಹನ್ನೆರಡು ಎತ್ತು ಸಾಕು. ಇಡೀ ದಂಡಿನ ಅಕ್ಕಿ, ಹುರುಳಿ, ತೋಪಿನ ಕಬ್ಬಿಣದ ಗುಂಡುಗಳಿಗೆ ಬೇಕಾದ ಸಾವಿರಾರು ಎತ್ತುಗಳ ಮುಂದೆ ಇದು ಏನೂ ಅಲ್ಲ. ಸೀಸದ ಗಣಿ ಕೋಲಾರದಲ್ಲಿಲ್ಲ. ಮುಂದೆ ಇದೇ ಜಿಲ್ಲೆಯ ಬಂಡೆಯಿಂದ ಚಿನ್ನ ತೆಗೆದ ಜಾನ್ ಟೇಲರ್ ಕಂಪನಿಗೂ ಅದಿರಿನ ಪರೀಕ್ಷೆಗೆ ಬೇಕಾದ ಸೀಸ ಹೊರಗಿನಿಂದಲೇ ಬರಬೇಕಿತ್ತು. ಹಾಗಿದ್ದೂ ಸೀಸದ ಕೊರತೆಯಿಂದ ಯುದ್ಧ ನಿಂತ ಕಥೆ ಈ ಸೀಮೆಯಲ್ಲಿಲ್ಲ. 327 ಡಿಗ್ರಿಗೆ ಕರಗುವ, ಸೌದೆಯ ಒಲೆಯೇ ಸಾಕಾಗುವ, ಹೊಡೆದ ಮೇಲೂ ನೆಲದಿಂದ ಆಯ್ದು ಮತ್ತೆ ಎರಕ ಹೊಯ್ಯಬಹುದಾದ ಲೋಹವದು.

ನಯ ನಳಿಗೆಯ ಕೋವಿಯ ದೊಡ್ಡ ಗುಣ ಅದರ ಸಹನೆ. ಗುಂಡು ನಳಿಗೆಗಿಂತ ಸಾಕಷ್ಟು ಚಿಕ್ಕದಿದ್ದರೂ ಅದು ದೂರುವುದಿಲ್ಲ. ಒಂದೇ ಗುಂಡಿನ ಬದಲು ಚರೆ ಹಾಕಿದರೂ ಸರಿ. ಗುರಿಯ ನಿಖರತೆ ಹೋಗುತ್ತದೆ, ಆದರೆ ಐವತ್ತು ಹೆಜ್ಜೆಯೊಳಗೆ ಅದು ಅಷ್ಟು ಲೆಕ್ಕಕ್ಕೆ ಬರುವುದಿಲ್ಲ. ತೇಜಸ್ವಿಯವರ ಕಾಡಿನ ಬರಹಗಳನ್ನು ಓದಿದವರಿಗೆ ಮೂತಿಯಿಂದ ತುಂಬಿ ಕೇಪಿನಿಂದ ಸಿಡಿಸುವ ಕೇಪಿನ ಕೋವಿಗೂ ತೋಟೆ ಕೋವಿಗೂ ಇರುವ ಅಂತರ ಬಿಡಿಸಿ ಹೇಳಬೇಕಿಲ್ಲ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಕೇಪಿನ ಕೋವಿ ಬಡವರ ಕೋವಿಯಾಗಿ ಬಹುಕಾಲ ಉಳಿದದ್ದು ಈ ಸಹನೆಯಿಂದ. ಅದಕ್ಕೆ ಹೊರಗಿನಿಂದ ಬರಲೇಬೇಕಾದದ್ದು ಎರಡೇ: ಮದ್ದು ಮತ್ತು ಕೇಪು. ಕೇಪು ಬಟಾಣಿ ಕಾಳಿನಷ್ಟು ತಾಮ್ರದ ಟೋಪಿ, ಆದರೆ ಹಳ್ಳಿಯ ಕಮ್ಮಾರನ ಕೈಗೆ ನಿಲುಕದ ರಸಾಯನ ಅದರೊಳಗಿದೆ. ಈ ಕೋವಿಯ ಅಗ್ಗದ ಮಿತಿ ಸೀಸದಲ್ಲಿಲ್ಲ, ಕೇಪಿನ ಡಬ್ಬಿಯಲ್ಲಿದೆ.

ಗೀರು ನಳಿಗೆ ಬಂದಮೇಲೆ ಸಹನೆ ಮುಗಿಯಿತು. ರೈಫಲ್ಲಿನ ಗೀರುಗಳು ಗುಂಡನ್ನು ಕಚ್ಚಿ ತಿರುಗಿಸಬೇಕಾದರೆ ಅದು ಅಳತೆಗೆ ಸರಿಯಾಗಿಯೇ ಇರಬೇಕು. 1857ರ ಹೊತ್ತಿನ ಎನ್‌ಫೀಲ್ಡ್ ರೈಫಲ್ಲಿನ ಉದ್ದನೆಯ ಗುಂಡು ಸುಮಾರು 34 ಗ್ರಾಂ ಇತ್ತು. ಸೀಸದ ಉಳಿತಾಯವೇನೂ ಆಗಲಿಲ್ಲ. ಉಳಿತಾಯ ಬಂದದ್ದು ಹೊಗೆರಹಿತ ಮದ್ದಿನೊಂದಿಗೆ. .303 ರೈಫಲ್ಲಿನ ಏಳನೇ ಮಾದರಿಯ ಗುಂಡು 174 ಗ್ರೇನ್, ಅಂದರೆ ಹನ್ನೊಂದು ಗ್ರಾಂ ಚಿಲ್ಲರೆ, ಪೌಂಡಿಗೆ ನಲವತ್ತು. ಆದರೆ ಅದು ಸೆಕೆಂಡಿಗೆ 740 ಮೀಟರ್ ಮೀರಿ ಓಡುತ್ತದೆ. ಬರಿಯ ಸೀಸವನ್ನು ಆ ವೇಗಕ್ಕೆ ತಳ್ಳಿದರೆ ಗೀರುಗಳಲ್ಲಿ ಸವರಿಹೋಗಿ ನಳಿಗೆಯನ್ನೇ ಕೆಡಿಸುತ್ತದೆ. ಆದ್ದರಿಂದ ಮೇಲೆ ತಾಮ್ರ-ನಿಕ್ಕಲ್ಲಿನ ಕವಚ ಬೇಕಾಯಿತು. ಕವಚ ಎಳೆಯುವುದು ಒಲೆಯ ಕೆಲಸವಲ್ಲ, ಒತ್ತುಯಂತ್ರದ ಕೆಲಸ. ಸೀಸದಲ್ಲಿ ಉಳಿದದ್ದು ಕವಚದಲ್ಲಿ ಹೋಯಿತು. ಜೊತೆಗೆ ರೈಫಲ್ಲಿನ ಗುಂಡು ತಯಾರಿಸುವ ಕಲೆ ಹಳ್ಳಿಯಿಂದ ಕಾರ್ಖಾನೆಗೆ ಶಾಶ್ವತವಾಗಿ ಹೋಯಿತು. ಪುಣೆಯ ಖಡ್ಕಿಯಲ್ಲಿ 1869ರಲ್ಲಿ ಶುರುವಾದ ಕಾರ್ಖಾನೆ ಈ ಬದಲಾವಣೆಯ ಭಾರತೀಯ ಗುರುತು. ಚಿನ್ನದ ಗಣಿಯ ಯುರೋಪಿಯನ್ ನೌಕರರ ಸ್ವಯಂಸೇವಕ ಪಡೆ, ಮುಂದೆ ಕೋಲಾರ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್ ಎನಿಸಿಕೊಂಡದ್ದು, ಕಾರ್ಖಾನೆಯ ತೋಟಾ ಹೊತ್ತಿತ್ತು. ಅದೇ ಜಿಲ್ಲೆಯ ಹೊಲಗಳಲ್ಲಿ ಗಜದಿಂದ ಜಡಿದು ತುಂಬುವ ಕೋವಿಗಳಿದ್ದವು.

ವೇಗದ ಈ ಗೆರೆ ಇಂದಿಗೂ ಅಗ್ಗ-ದುಬಾರಿಯ ನಡುವಿನ ಗೆರೆ. ಕೈಬಂದೂಕಿನಲ್ಲಿ ಸೀಸ ಸಾಕು, ರೈಫಲ್ಲಿನಲ್ಲಿ ಸಾಲದು. ನಮ್ಮಲ್ಲಿ ಪರವಾನಗಿಗೆ ಸಿಗುವ .32 ರಿವಾಲ್ವರಿನ ಗುಂಡು 98 ಗ್ರೇನ್, 6.35 ಗ್ರಾಂ, ಸೆಕೆಂಡಿಗೆ ಸುಮಾರು 220 ಮೀಟರ್ ವೇಗ. ತವರ, ಆಂಟಿಮನಿ ಬೆರೆಸಿ ತುಸು ಗಟ್ಟಿ ಮಾಡಿದ ಸೀಸ ಈ ವೇಗವನ್ನು ಆರಾಮವಾಗಿ ತಾಳುತ್ತದೆ. .315 ರೈಫಲ್ಲಿನ ಗುಂಡು 244 ಗ್ರೇನ್, 15.8 ಗ್ರಾಂ, ಅದರ ವೇಗ 600 ಮೀಟರ್ ಮೀರುತ್ತದೆ. ಅಲ್ಲಿ ಕವಚವಿಲ್ಲದೆ ಆಗುವುದಿಲ್ಲ. ಸೀಸಕ್ಕೆ ಕಿಲೋಗೆ ಇನ್ನೂರು ರೂಪಾಯಿ ಎಂದು ಹಿಡಿದರೆ .32 ಗುಂಡಿನಲ್ಲಿರುವ ಲೋಹ ಒಂದೂಕಾಲು ರೂಪಾಯಿಯದು, .315ರದು ಮೂರು ರೂಪಾಯಿ ಚಿಲ್ಲರೆ, ಹನ್ನೆರಡು ಬೋರಿನ ಒಂದು ತೋಟಾದ 32 ಗ್ರಾಂ ಚರೆ ಆರು ರೂಪಾಯಿ ನಲವತ್ತು ಪೈಸೆಯದು. ಅಂಗಡಿಯಲ್ಲಿ ತೋಟಾದ ಬೆಲೆ ಇದರ ಎಷ್ಟೋ ಪಟ್ಟು. ಮೂರರಲ್ಲಿ ಅತಿ ಹೆಚ್ಚು ಸೀಸ ತಿನ್ನುವ ಚರೆ ತೋಟಾವೇ ಪೇಟೆಯಲ್ಲಿ ಹೆಚ್ಚಾಗಿ ಕಡಿಮೆ ಬೆಲೆಗೆ ಸಿಗುವುದು ಎಂಬುದೇ ಲೋಹಕ್ಕೂ ಬೆಲೆಗೂ ಸಂಬಂಧ ತಪ್ಪಿಹೋದದ್ದಕ್ಕೆ ಸಾಕ್ಷಿ. ಇನ್ನು .22 ತೋಟಾದ ಸಿಡಿಮದ್ದು ಅಂಚಿನೊಳಗೇ ಇರುವುದರಿಂದ ಅದನ್ನು ಮರುತುಂಬುವ ಮಾತೇ ಇಲ್ಲ. 

ಸರ್ಕಾರಗಳಿಗೂ ಸೀಸ ಅಗ್ಗವೆಂಬುದು ಗೊತ್ತಿತ್ತು. 1857ರ ನಿಶ್ಶಸ್ತ್ರೀಕರಣದ ಕಾಯ್ದೆ ಮುಧೋಳದ ಹಲಗಲಿಗೆ ಬಂದಾಗ ಬೇಡರು ಕೊಡಲೊಪ್ಪದೆ ನಿಂತದ್ದು ಆಯುಧಗಳಿಗಾಗಿ; ಆ ನವೆಂಬರಿನ ಕಥೆ ಲಾವಣಿಯಾಗಿ ಉಳಿದಿದೆ. ಆದರೆ 1878ರ ಶಸ್ತ್ರಾಸ್ತ್ರ ಕಾಯ್ದೆ ಆಯುಧದಿಂದ ಒಂದು ಹೆಜ್ಜೆ ಕೆಳಗಿಳಿದು ಸೀಸ, ಗಂಧಕ, ಪೆಟ್ಲುಪ್ಪುಗಳನ್ನೂ ಸರ್ಕಾರ ಬೇಕೆಂದಾಗ, ಬೇಕೆಂದ ಪ್ರಾಂತದಲ್ಲಿ ಸೈನಿಕ ಸಾಮಗ್ರಿ ಎಂದು ಸಾರುವ ಅಧಿಕಾರ ಇಟ್ಟುಕೊಂಡಿತು. ಕೋಲಾರ ಆಗ ಮೈಸೂರು ಸಂಸ್ಥಾನದ ಜಿಲ್ಲೆ, ಬ್ರಿಟಿಷ್ ಇಂಡಿಯಾದ ನೆಲವಲ್ಲ. ಆ ಕಾಯ್ದೆ ಇಲ್ಲಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ಸ್ವತಂತ್ರ ಭಾರತದ 1959ರ ಕಾಯ್ದೆ ಬೇರೆ ದಾರಿ ಹಿಡಿಯಿತು. ಅದರ ಎರಡನೇ ಕಲಮಿನಲ್ಲಿ ಮದ್ದುಗುಂಡು ಎಂದರೆ ಅದರ ಬಿಡಿಭಾಗಗಳೂ ಹೌದು, ಅದನ್ನು ತಯಾರಿಸುವ ಯಂತ್ರವೂ ಹೌದು. ಐದನೇ ಕಲಮಿನಂತೆ ತಯಾರಿಕೆಗೆ ಬೇರೆಯೇ ಪರವಾನಗಿ ಬೇಕು. ಬಂದೂಕಿನ ಪರವಾನಗಿಯೊಂದನ್ನೇ ನಂಬಿ ಮನೆಯಲ್ಲಿ ತೋಟಾ ತುಂಬಲು ಕೂತವನು ಅಪರಾಧದ ಗಡಿಯಲ್ಲಿ ಕೂತಿರುತ್ತಾನೆ. ಮೂತಿಯಿಂದ ತುಂಬುವ ಕೋವಿಗೆ ಮಾತ್ರ ತುಂಬುವುದೇ ಬಳಕೆ, ಅದು ತಯಾರಿಕೆಯಾಗುವುದಿಲ್ಲ. ನನ್ನ ಓದಿನಲ್ಲಿ 13ನೇ ಕಲಮಿನ ಪೂರ್ಣ ಅರ್ಥ ಇದು. ಆ ಕೋವಿ ಸಿಕ್ಕಿತೆಂದರೆ ಹಂದಿ ಹೊಡೆಯಲು ಅಪ್ಪಣೆ ಸಿಕ್ಕಿತೆಂದೂ ಅಲ್ಲ. 1972ರ ವನ್ಯಜೀವಿ ಕಾಯ್ದೆ ಬೇರೆಯೇ ಬಾಗಿಲು.

ಪರವಾನಗಿಯ ವಿಷಯದಲ್ಲಿ ಕೊಡಗು ಅಪವಾದ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಸಿಕ್ಕ ವಿನಾಯಿತಿ 1963ರ ಅಧಿಸೂಚನೆಯಲ್ಲಿ ಮುಂದುವರಿಯಿತು. 2019ರ ಅಕ್ಟೋಬರಿನಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್‌ನಲ್ಲಿ ಕೋವಿಗೆ ಪೂಜೆ, ಬಳಿಕ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ಇವೆಲ್ಲ ಪತ್ರಿಕೆಗಳಲ್ಲಿ ಬರುತ್ತವೆ. ಆದರೆ ವಿನಾಯಿತಿ ಕೋವಿ ಹೊಂದುವುದಕ್ಕೆ ಸಂಬಂಧಿಸಿದ್ದು. ಅದು ತೋಟಾದ ಬೆಲೆಯನ್ನೇನೂ ಇಳಿಸಲಿಲ್ಲ.

ಅಗ್ಗದ ಸೀಸಕ್ಕೆ ಇನ್ನೊಂದು ಬೆಲೆ ಇದೆ, ಅದನ್ನು ಗುಂಡಿನ ಲೆಕ್ಕದಲ್ಲಿ ಯಾರೂ ಸೇರಿಸುವುದಿಲ್ಲ. ಇಂದು ಹಳ್ಳಿಯಲ್ಲಿ ಸಿಗುವ ಸೀಸ ಬಹುತೇಕ ಹಳೆಯ ಬ್ಯಾಟರಿಯದು. ಅದನ್ನು ಮನೆಯಂಗಳದಲ್ಲಿ ಕರಗಿಸುವವನ ಮಕ್ಕಳ ರಕ್ತಕ್ಕೆ ವಿಷ ಸೇರುತ್ತದೆ. ಇಂಥ ವಿಷವನ್ನು ಅಳೆಯುವ ಕೆಲಸಕ್ಕೆ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯಲ್ಲಿ ಸೀಸವಿಷದ ರಾಷ್ಟ್ರೀಯ ಕೇಂದ್ರ ಬೆಳೆಯಿತು. 2001ರ ಬ್ಯಾಟರಿ ನಿಯಮಗಳ ಜಾಗಕ್ಕೆ ಬಂದ 2022ರ ನಿಯಮಗಳು ಹಳೆಯ ಬ್ಯಾಟರಿ ಕೊನೆಗೆ ನೋಂದಾಯಿತ ಮರುಬಳಕೆದಾರರನ್ನೇ ತಲುಪಬೇಕೆನ್ನುತ್ತವೆ. 1878ರ ಸರ್ಕಾರ ಬಂಡಾಯದ ಭಯಕ್ಕೆ ಸೀಸದ ಮೇಲೆ ಕಣ್ಣಿಟ್ಟಿತು, ಇಂದಿನದು ಆರೋಗ್ಯಕ್ಕಾಗಿ ಕಣ್ಣಿಟ್ಟಿದೆ. ಎರಡನೆಯದು ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಕೊನೆಯದಾಗಿ ಒಂದು ಕೆಲಸದ ಸೂಚನೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರಿನ ಪಾಳುಬಾವಿಯಲ್ಲಿ ಮೈಸೂರು ದಂಡಿನ ಸಾವಿರಕ್ಕೂ ಮಿಕ್ಕಿ ರಾಕೆಟ್ಟುಗಳು ಸಿಕ್ಕಾಗ ರಾಜ್ಯದ ಪುರಾತತ್ವ ಇಲಾಖೆ ಅವುಗಳನ್ನು ಅಳೆದು ದಾಖಲಿಸಿತು. ರಾಕೆಟ್ಟಿಗೆ ಸಿಕ್ಕ ಗೌರವ ಸೀಸದ ಗುಂಡಿಗೆ ಸಿಕ್ಕಿಲ್ಲ. ಮುಳಬಾಗಿಲಿನ ಬಂಡೆಗಳ ಸುತ್ತ, ಕೋಲಾರ-ಹೊಸಕೋಟೆಯ ಹಳೆಯ ದಂಡಿನ ದಾರಿಯಲ್ಲಿ ಉಳುವಾಗ ಇಂಥ ಗುಂಡುಗಳು ಸಿಕ್ಕರೆ ಗುಜರಿಗೆ ಹೋಗುವ ಮೊದಲು ತೂಗಬೇಕು. 32 ಗ್ರಾಂ ಆಸುಪಾಸಿನವು ಒಂದು ಕಡೆ, 24ರಿಂದ 27ರವು ಇನ್ನೊಂದು ಕಡೆ ಗುಂಪಾದರೆ ಎರಡು ಪಡೆಗಳು ನಿಂತ ಸಾಲುಗಳೇ ನಕ್ಷೆಯಲ್ಲಿ ಮೂಡಬಹುದು; ಮೈಸೂರು ದಂಡಿನಲ್ಲಿ ಎರಡೂ ಬಗೆಯ ಬಂದೂಕುಗಳಿದ್ದವೆಂಬ ಎಚ್ಚರ ಮಾತ್ರ ಬೇಕು. ಯಾವ ಗುಂಪಿಗೂ ಸೇರದೆ ತೂಕ ಅಡ್ಡಾದಿಡ್ಡಿಯಾದವು ನಾಡ ಅಚ್ಚಿನವಿರಬಹುದು. ಸೀಸದ ಐಸೊಟೋಪುಗಳನ್ನು ಅಳೆದರೆ ಆ ಲೋಹ ಯಾವ ಗಣಿಯದು, ಹಡಗಿನಲ್ಲಿ ಬಂದದ್ದೋ ರಾಜಸ್ಥಾನದ ಜಾವರಿನ ಕಡೆಯದೋ ಎಂಬುದಕ್ಕೂ ಸುಳಿವು ಸಿಗುತ್ತದೆ. ಕರಗಿಸಿ ಕರಗಿಸಿ ಬೆರೆತದ್ದಾದರೆ ಆ ಬೆರಕೆಯೂ ಕಾಣುತ್ತದೆ. ಇದಕ್ಕೆ ಮೊದಲು ಬೇಕಾದದ್ದು ಒಂದು ಸೂಕ್ಷ್ಮ ತಕ್ಕಡಿ, ಸಿಕ್ಕ ಜಾಗದ ಸರ್ವೆ ನಂಬರು ಬರೆದಿಡುವ ಒಂದು ಪುಸ್ತಕ.