ಸೋರೆಬುರುಡೆ ಮತ್ತು ಗಡಿಯಾರ: ಮಾಸ್ಟರ್ಸ್ ಈಜಿನಲ್ಲಿ ರೇಸಿಂಗ್ ಉಡುಗೆಯ ಪ್ರಶ್ನೆ

ನಮ್ಮ ಹಳ್ಳಿಗಳ ಬಾವಿಗಳಲ್ಲಿ ಈಜು ಕಲಿಯುವ ಹುಡುಗನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರು. ಬುರುಡೆ ಇದ್ದಷ್ಟು ದಿನ ಅವನು ಎಷ್ಟೇ ದೂರ ಹೋಗಲಿ, 'ಇವನಿಗೆ ಈಜು ಬಂತು' ಎಂದು ಯಾರೂ ಹೇಳುತ್ತಿರಲಿಲ್ಲ. ಬುರುಡೆ ಬಿಚ್ಚಿದ ಮೇಲೆ ತೇಲಿದ್ದಷ್ಟೇ ಲೆಕ್ಕ. ವಯಸ್ಕರ ಸ್ಪರ್ಧಾತ್ಮಕ ಈಜಿನಲ್ಲಿ, ಅಂದರೆ 25 ವರ್ಷ ದಾಟಿದವರು ಐದೈದು ವರ್ಷಗಳ ವಯೋವರ್ಗಗಳಲ್ಲಿ ಸ್ಪರ್ಧಿಸುವ ಮಾಸ್ಟರ್ಸ್ ಈಜಿನಲ್ಲಿ, ತಾಂತ್ರಿಕ ಉಡುಗೆಗಳು ಎತ್ತುವ ಪ್ರಶ್ನೆಯೂ ಇದೇ: ಗಡಿಯಾರ ತೋರಿಸುವ ಸಮಯದಲ್ಲಿ ದೇಹದ ಪಾಲೆಷ್ಟು, ಉಡುಗೆಯ ಪಾಲೆಷ್ಟು?

ಈ ಪ್ರಶ್ನೆ ತೀವ್ರವಾದದ್ದು 2008ರಲ್ಲಿ. ಆ ವರ್ಷದ ಫೆಬ್ರುವರಿಯಲ್ಲಿ ಸ್ಪೀಡೋ ಕಂಪನಿ ಎಲ್‌ಝಡ್‌ಆರ್ ರೇಸರ್ ಎಂಬ ಉಡುಗೆಯನ್ನು ಹೊರತಂದಿತು. ಅದಕ್ಕೆ ಬೇಕಾದ ಬಟ್ಟೆಗಳನ್ನು ನಾಸಾದ ಗಾಳಿ ಸುರಂಗದಲ್ಲಿ ಪರೀಕ್ಷಿಸಲಾಗಿತ್ತು. ಹೊಲಿಗೆಯ ಬದಲು ಶ್ರವಣಾತೀತ ಧ್ವನಿತರಂಗಗಳಿಂದ ಅಂಚುಗಳನ್ನು ಬೆಸೆದು, ಆಯ್ದ ಜಾಗಗಳಲ್ಲಿ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಪಟ್ಟಿಗಳನ್ನು ಕೂರಿಸಿದ್ದರು. ಬೀಜಿಂಗ್ ಒಲಿಂಪಿಕ್ಸ್‌ನ ಈಜುಕೊಳದಲ್ಲಿ ಮುರಿದ 25 ವಿಶ್ವದಾಖಲೆಗಳಲ್ಲಿ 23 ಈ ಉಡುಗೆ ತೊಟ್ಟವರವು. ಮರುವರ್ಷ ಪೂರ್ತಿ ಪಾಲಿಯುರೆಥೇನ್‌ನ ಉಡುಗೆಗಳು ಬಂದವು. ರೋಮ್ ವಿಶ್ವ ಚಾಂಪಿಯನ್‌ಶಿಪ್ ಒಂದರಲ್ಲೇ 43 ವಿಶ್ವದಾಖಲೆಗಳು ಬಿದ್ದವು. ಜರ್ಮನಿಯ ಪಾಲ್ ಬೀಡರ್ಮನ್ 200 ಮೀಟರ್ ಫ್ರೀಸ್ಟೈಲನ್ನು ಬೀಜಿಂಗ್‌ನಲ್ಲಿ 1 ನಿಮಿಷ 46.00 ಸೆಕೆಂಡಿನಲ್ಲಿ ಈಜಿದ್ದರು. ರೋಮ್‌ನಲ್ಲಿ 1 ನಿಮಿಷ 42.00 ಸೆಕೆಂಡಿನಲ್ಲಿ ಮುಗಿಸಿ ಮೈಕೆಲ್ ಫೆಲ್ಪ್ಸ್ ಅವರನ್ನು ಹಿಂದಿಕ್ಕಿದರು. 2010ರಲ್ಲಿ ಅಂಥ ಉಡುಗೆ ನಿಷೇಧವಾದ ಮೇಲೆ ಅವರ ಸಮಯ ಮತ್ತೆ 1 ನಿಮಿಷ 46 ಸೆಕೆಂಡಿನ ಆಸುಪಾಸಿಗೆ ಬಂತು. ಒಬ್ಬನೇ ಈಜುಗಾರ, ಒಂದೇ ದೂರ: ಏರಿಳಿತ ಶೇ. 4ರ ಹತ್ತಿರ. ಅದನ್ನೆಲ್ಲ ಉಡುಗೆಯ ಲೆಕ್ಕಕ್ಕೇ ಬರೆಯುವುದು ಅನ್ಯಾಯ. ಆದರೆ ಉಡುಗೆಯನ್ನು ಲೆಕ್ಕದಿಂದ ಹೊರಗಿಡಲೂ ಬರುವುದಿಲ್ಲ.

ಉಡುಗೆ ಕೆಲಸ ಮಾಡುವ ಬಗೆಯನ್ನು ಬಿಡಿಸಿ ನೋಡಬೇಕು. ಈಜುವವನನ್ನು ನೀರು ಮೂರು ರೀತಿಯಲ್ಲಿ ತಡೆಯುತ್ತದೆ: ಚರ್ಮದ ಮೇಲಿನ ಘರ್ಷಣೆ, ದೇಹದ ಆಕಾರದಿಂದ ಹುಟ್ಟುವ ಒತ್ತಡ, ಅಲೆ ಎಬ್ಬಿಸುವುದಕ್ಕೆ ವ್ಯಯವಾಗುವ ಶಕ್ತಿ. ನುಣುಪಾದ ಬಟ್ಟೆ ಮೊದಲನೆಯದನ್ನು ತಗ್ಗಿಸುತ್ತದೆ. ಬಿಗಿ ಹಿಡಿತ ಹೊಟ್ಟೆ, ತೊಡೆಗಳ ಸಡಿಲ ಮಾಂಸವನ್ನು ಅದುಮಿ ಎರಡನೆಯದನ್ನು ತಗ್ಗಿಸುತ್ತದೆ. ನೀರು ಹೀರದೆ ಗಾಳಿಯನ್ನು ಹಿಡಿದಿಡುವ ಪಾಲಿಯುರೆಥೇನ್ ಸೊಂಟವನ್ನು ಮೇಲಕ್ಕೆತ್ತಿ ಒಟ್ಟು ತಡೆಯನ್ನೇ ಇಳಿಸುತ್ತದೆ. ತೇಲುಬಲದ ಮಹಿಮೆ ಎಷ್ಟೆಂಬುದನ್ನು ಟ್ರಯತ್ಲಾನ್‌ನ ರಬ್ಬರ್ ಉಡುಗೆಗಳ ಮೇಲೆ ಸಂಶೋಧಕ ಟೂಸೆಂಟ್ ಮತ್ತು ಸಂಗಡಿಗರು 1989ರಲ್ಲೇ ಅಳೆದಿದ್ದರು: ಸೆಕೆಂಡಿಗೆ 1.25 ಮೀಟರ್ ವೇಗದಲ್ಲಿ ತಡೆ ಶೇ. 14ರಷ್ಟು ಕಡಿಮೆ. ಅದೇ ಟೂಸೆಂಟ್ 2002ರಲ್ಲಿ ತೇಲುಬಲವಿಲ್ಲದ ಫಾಸ್ಟ್‌ಸ್ಕಿನ್ ಉಡುಗೆಯನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಶೇ. 2ರಷ್ಟು ಇಳಿಕೆ, ಅದೂ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯವಲ್ಲ. 2008ರಲ್ಲಿ ಶತಾರ್ ಮತ್ತು ವಿಲ್ಸನ್ ಅಂಥದೇ ಉಡುಗೆಗಳಿಂದ ಸಮಯದಲ್ಲಿ ಸರಾಸರಿ ಶೇ. 3ರಷ್ಟು ಸುಧಾರಣೆ ಕಂಡರು. ಆದರೆ ಒಬ್ಬ ಈಜುಗಾರನಿಗೂ ಇನ್ನೊಬ್ಬನಿಗೂ ಅಂತರ ದೊಡ್ಡದಿತ್ತು. ನನಗೆ ಸರಾಸರಿಗಿಂತ ಮುಖ್ಯವಾಗಿ ಕಾಣುವುದು ಈ ಅಂತರವೇ. ಉಡುಗೆ ಎಲ್ಲರಿಗೂ ಸಮನಾಗಿ ಕೊಡುವುದಾಗಿದ್ದರೆ ನ್ಯಾಯದ ಪ್ರಶ್ನೆ ಅರ್ಧ ಬಗೆಹರಿಯುತ್ತಿತ್ತು.

ಇನ್ನು ವಯಸ್ಸಿಗೆ ಬರೋಣ. 1997ರಲ್ಲಿ ಹಿರೋಫುಮಿ ತನಾಕಾ ಮತ್ತು ಡಗ್ಲಸ್ ಸೀಲ್ಸ್ ಅಮೆರಿಕದ ಮಾಸ್ಟರ್ಸ್ ಚಾಂಪಿಯನ್‌ಶಿಪ್‌ಗಳ ಅಗ್ರ ಸಮಯಗಳನ್ನು ವಿಶ್ಲೇಷಿಸಿ, 1500 ಮೀಟರ್‌ನಲ್ಲಿ ಸಾಮರ್ಥ್ಯ ಸುಮಾರು 70 ವರ್ಷದವರೆಗೆ ಒಂದೇ ಹದದಲ್ಲಿ ಇಳಿಯುತ್ತದೆ, ಆಮೇಲೆ ಕಡಿದಾಗಿ ಕುಸಿಯುತ್ತದೆ ಎಂದು ತೋರಿಸಿದರು. ಮನುಷ್ಯ ದೇಹ ಮುಪ್ಪಾಗುವುದನ್ನು ಅರಿಯಲು ಮಾಸ್ಟರ್ಸ್ ಈಜಿನ ಫಲಿತಾಂಶ ಪಟ್ಟಿಗಳು ಎಂಥ ಆಕರವೆಂಬುದಕ್ಕೆ ಈ ಅಧ್ಯಯನವೇ ಸಾಕ್ಷಿ. ಅದರ ದತ್ತಾಂಶ ಪಾಲಿಯುರೆಥೇನ್ ಯುಗಕ್ಕಿಂತ ಹಿಂದಿನದು, ಅದೊಂದು ಅದೃಷ್ಟ.

ಒಂದು ಅಂದಾಜು ಲೆಕ್ಕ ಹಾಕೋಣ. ಮಧ್ಯವಯಸ್ಸಿನ ಈಜುಗಾರ ವರ್ಷಕ್ಕೆ ಶೇ. ಅರ್ಧದಿಂದ ಒಂದರಷ್ಟು ನಿಧಾನವಾಗುತ್ತಾನೆ ಎಂದಿಟ್ಟುಕೊಂಡರೆ, ಶೇ. 3ರ ಲಾಭ ಕೊಡುವ ಉಡುಗೆ ಅವನ ಮೂರರಿಂದ ಆರು ವರ್ಷಗಳನ್ನು ಅಳಿಸಿಹಾಕುತ್ತದೆ. ಹೆಚ್ಚುಕಡಿಮೆ ಒಂದು ಪೂರ್ತಿ ವಯೋವರ್ಗ! 55ರ ಈಜುಗಾರ ಉಡುಗೆ ತೊಟ್ಟು 50ರವನ ಸಮಯ ಈಜಿದರೆ ವಯೋವರ್ಗ ಎಂಬ ಏರ್ಪಾಟಿನ ಅರ್ಥವೇ ಸಡಿಲವಾಗುತ್ತದೆ. ಸ್ಪರ್ಧೆಯ ಕೊನೆಯಲ್ಲಿ ದಣಿದ ಬೆನ್ನು, ಹೊಟ್ಟೆಯ ಸ್ನಾಯುಗಳು ಸೊಂಟವನ್ನು ಕೈಬಿಡುವ ಹೊತ್ತಿಗೆ ಉಡುಗೆ ಅದನ್ನು ಎತ್ತಿ ಹಿಡಿಯುತ್ತದೆ. ವಯಸ್ಸು ಕಸಿಯುವುದೂ ಮುಖ್ಯವಾಗಿ ಆ ಸ್ನಾಯುಬಲವನ್ನೇ. ಯಾವುದನ್ನು ಅಳೆಯಬೇಕೋ ಅದನ್ನೇ ಉಡುಗೆ ಮರೆಮಾಡುತ್ತದೆ ಎಂಬುದು ನನ್ನ ಆಕ್ಷೇಪ.

ವೇಗದ ಮಾತೂ ಇದೆ. ಜಪಾನಿನ ಮಿಯೆಕೊ ನಾಗಾವೊಕಾ 2015ರಲ್ಲಿ, ನೂರನೆಯ ವಯಸ್ಸಿನಲ್ಲಿ, 1500 ಮೀಟರನ್ನು 1 ಗಂಟೆ 15 ನಿಮಿಷ 54 ಸೆಕೆಂಡಿನಲ್ಲಿ ಈಜಿದರು. ಅದು ಸೆಕೆಂಡಿಗೆ ಸುಮಾರು 0.33 ಮೀಟರ್. ಅದೇ ದೂರವನ್ನು 15 ನಿಮಿಷದಲ್ಲಿ ಮುಗಿಸುವವನ ವೇಗ ಇದರ ಐದು ಪಟ್ಟು. ತಡೆ ವೇಗದ ವರ್ಗದಂತೆ ಏರುವುದರಿಂದ ಅವನೆದುರಿನ ತಡೆ ಸುಮಾರು 25 ಪಟ್ಟು. ಅಷ್ಟು ನಿಧಾನದ ಈಜಿನಲ್ಲಿ ಬಟ್ಟೆಯ ನುಣುಪಿನಿಂದ ದಕ್ಕುವ ಬಲ ತೀರ ಅಲ್ಪ; ತೇಲುಬಲ ಮಾತ್ರ ವೇಗವನ್ನು ಕೇಳದೆ ನೆರವಾಗುತ್ತದೆ. ಹಾಗಾಗಿ ಹಿರಿಯರ ವರ್ಗಗಳಲ್ಲಿ ಎಚ್ಚರ ಬೇಕಾದದ್ದು ಮುಖ್ಯವಾಗಿ ತೇಲಿಸುವ ವಸ್ತುವಿನ ಬಗ್ಗೆ.

2010ರ ಜನವರಿ 1ರಿಂದ ಜಾರಿಯಾದ ನಿಯಮ ಈ ದೃಷ್ಟಿಯಿಂದ ಸರಿಯಾದದ್ದು. ಗಂಡಸರಿಗೆ ಹೊಕ್ಕುಳಿನಿಂದ ಮೊಣಕಾಲು, ಹೆಂಗಸರಿಗೆ ಭುಜದಿಂದ ಮೊಣಕಾಲು, ಗಾಳಿ ಹಾಯುವ ನೇಯ್ದ ಬಟ್ಟೆ ಮಾತ್ರ, ದಪ್ಪ 0.8 ಮಿಲಿಮೀಟರ್ ಮೀರಬಾರದು, ಜಿಪ್ ಇರಬಾರದು. ಜಿಪ್ ಇಲ್ಲದಿರುವುದು ಮಾತ್ರ ಹಿರಿಯರಿಗೆ ಕಷ್ಟ. ಬಿಗಿಯಾದ ಉಡುಗೆಯನ್ನು ಇಂಚಿಂಚಾಗಿ ಎಳೆದುಕೊಳ್ಳಲು ಸಂಧಿವಾತದ ಬೆರಳುಗಳು, ಸವೆದ ಭುಜಗಳು ಒಪ್ಪುವುದಿಲ್ಲ. ಸ್ಪರ್ಧೆಗೆ ಮುಂಚೆಯೇ ಅರ್ಧ ಶಕ್ತಿ ಅಲ್ಲಿ ಸೋರಿಹೋಗುತ್ತದೆ. ಅದರ ಮೇಲೆ ಬೆಲೆ ನೂರಾರು ಡಾಲರ್, ನೀರು ತಡೆಯುವ ಲೇಪ ಕೆಲವೇ ಸ್ಪರ್ಧೆಗಳಲ್ಲಿ ಸವೆಯುತ್ತದೆ.

ಈಗಿನ ನೇಯ್ಗೆಯ ಉಡುಗೆಯನ್ನು ನಿಷೇಧಿಸಬೇಕೆಂದು ನಾನು ಹೇಳುವುದಿಲ್ಲ. ಸ್ಪರ್ಧೆಯ ದಿನ ಅದನ್ನು ತೊಟ್ಟಾಗ ಮೂಡುವ ಹುಮ್ಮಸ್ಸು ನಿಜವಾದದ್ದು. ಐವತ್ತು ದಾಟಿದವರಿಗೆ ಮುಂಜಾನೆ ಕೊಳಕ್ಕಿಳಿಯಲು ಅದೂ ಒಂದು ಕಾರಣವಾದರೆ ಒಳ್ಳೆಯದೇ. ಆದರೆ ದಾಖಲೆ ಇಡುವ ರೀತಿ ಬದಲಾಗಬೇಕು. 2008 ಮತ್ತು 2009ರ ಮಾಸ್ಟರ್ಸ್ ಸಮಯಗಳನ್ನು ಮುಪ್ಪಿನ ಅಧ್ಯಯನಗಳಲ್ಲಿ ಬೇರೆಯಾಗಿ ಇರಿಸಿಕೊಳ್ಳಬೇಕು. ಅವನ್ನು ಉಳಿದವುಗಳೊಂದಿಗೆ ಬೆರೆಸಿ ಎಳೆದ ರೇಖೆ ನಂಬಲರ್ಹವಲ್ಲ. ಮಂಗಳೂರಿನ ಎಮ್ಮೆಕೆರೆ ಈಜುಕೊಳದಲ್ಲಿ 2023ರ ನವೆಂಬರಿನಲ್ಲಿ ರಾಷ್ಟ್ರೀಯ ಮಾಸ್ಟರ್ಸ್ ಕೂಟ ನಡೆಯಿತು. ಅಂಥ ಕೂಟಗಳ ಫಲಿತಾಂಶ ಪಟ್ಟಿಯಲ್ಲಿ ಹೆಸರು, ವಯೋವರ್ಗ, ಸಮಯದ ಪಕ್ಕದಲ್ಲಿ ಉಡುಗೆಯ ಬಗೆಗೂ ಒಂದು ಅಂಕಣವಿರಲಿ: ಸಾಮಾನ್ಯ ಈಜುಡುಗೆಯೋ, ರೇಸಿಂಗ್ ಉಡುಗೆಯೋ. ಬರೆದುಕೊಳ್ಳಲು ತಗಲುವುದು ಒಂದು ಕ್ಷಣ. ಹತ್ತು ವರ್ಷ ಕಳೆದರೆ ಭಾರತೀಯ ದೇಹಗಳು ನೀರಿನಲ್ಲಿ ಹೇಗೆ ಮಾಗುತ್ತವೆ ಎಂದು ತಿಳಿಯಲು ನಮ್ಮದೇ ದತ್ತಾಂಶ ಕೈಯಲ್ಲಿರುತ್ತದೆ.