ಪೇತ್ರನು ಕಾಯಿಸಿಕೊಂಡ ಬೆಳಕು

ಹೊಸ ಒಡಂಬಡಿಕೆಯ ಮೂಲ ಭಾಷೆ ಗ್ರೀಕ್. ಅದರಲ್ಲಿ ಬೆಳಕಿಗೆ ‘ಫೋಸ್’ ಎಂಬ ಮಾತಿದೆ. ಯೋಹಾನನು ದೇವರನ್ನೇ ಆ ಮಾತಿನಿಂದ ವರ್ಣಿಸುತ್ತಾನೆ. ಅಪೊಸ್ತಲರ ಕೃತ್ಯಗಳಲ್ಲಿ ಸೆರೆಮನೆಯ ಯಜಮಾನ ತರಹೇಳಿದ ದೀಪಗಳೂ ‘ಫೋಸ್’. ಮಾರ್ಕನಲ್ಲಿ ಪೇತ್ರನು ಚಳಿ ಕಾಯಿಸಿಕೊಂಡ ಬೆಂಕಿಯೂ ‘ಫೋಸ್’.

1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್ಲಿನ ಕೆಲಸಕ್ಕೆ ತೊಡಗಿದರು. 1831ರ ಹೊತ್ತಿಗೆ ಅದು ಪೂರ್ಣವಾಯಿತು. ಮುಂದೆ ಮಂಗಳೂರಿನ ಬಾಸೆಲ್ ಮಿಶನ್ನಿನವರು ಕನ್ನಡ ಪಾಠವನ್ನು ತಿದ್ದಿದರು; ಅದೇ ಮಿಶನ್ನಿನ ಗುಂಡರ್ಟ್ ತಲಶ್ಶೇರಿಯಲ್ಲಿದ್ದು ಮಲಯಾಳಕ್ಕೆ ದುಡಿದರು. ಇಂದು ಯೋಹಾನನ ಆ ಮಾತಿಗೆ ಕನ್ನಡದಲ್ಲಿ ‘ಬೆಳಕು’, ಮಲಯಾಳದಲ್ಲಿ ‘ವೆಳಿಚ್ಚಂ’. ಎರಡೂ ಒಂದೇ ಬೇರಿನ ಕುಡಿಗಳು. ನಮ್ಮ ಮುರಗೂಡದ ಕಡೆಯ ಮರಾಠಿಯಲ್ಲಿ ಅದು ‘ಪ್ರಕಾಶ’.

ಪೇತ್ರನ ಬೆಂಕಿ ಮಾತ್ರ ಕನ್ನಡದಲ್ಲಿ ಬೆಂಕಿಯೇ ಆಯಿತು. ಅರ್ಥಕ್ಕೆ ಕೊರತೆಯಿಲ್ಲ, ಆದರೆ ಗ್ರೀಕಿನ ಒಂದು ಸೂಕ್ಷ್ಮ ಕಳೆಯಿತು. ತನ್ನ ಗುರುವನ್ನೇ ಅರಿಯೆನೆಂದು ಹೇಳಲಿದ್ದವನು ಕುಳಿತದ್ದು ಬೆಳಕಿನೆದುರು. ಮತ್ತಾಯನು ಹೇಳುವಂತೆ, ಅವನ ಗುಟ್ಟು ರಟ್ಟಾದದ್ದು ಅವನ ಮಾತಿನ ಧಾಟಿಯಿಂದ. ಅದು ಗಲಿಲಾಯದವರ ಧಾಟಿ.

ಇದನ್ನು ಓದುವಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಮುರಗೂಡದ ಪೇಟೆಯಲ್ಲಿ ಕನ್ನಡ ಬಾರದವನಂತೆ ನಾನೂ ನಿಂತದ್ದುಂಟು. ಯಾರೂ ಗದರಿಸಿರಲಿಲ್ಲ; ಅಂಜಿಕೆ ನನ್ನದೇ. ಕಾಸರಗೋಡಿನ ಬಂಧುಗಳಿಗೂ ಇಂಥ ಗಳಿಗೆ ಬಂದಿರಬಹುದು. ನೆರೆಯ ನುಡಿಯನ್ನು ಪ್ರೀತಿಯಿಂದಲೇ ಕಲಿಯೋಣ. ಅದಕ್ಕಾಗಿ ಮನೆಮಾತನ್ನು ಮರೆಮಾಚಬೇಕಾಗಿಲ್ಲ. ಬೆಳಕು ದಾರಿ ತೋರುವುದಷ್ಟೇ ಅಲ್ಲ, ನಾವು ಯಾರೆಂಬುದನ್ನೂ ತೋರುತ್ತದೆ. ಕೋಳಿ ಕೂಗಿದ ಮೇಲೆ ಪೇತ್ರನು ಅತ್ತನು. ನಮ್ಮ ಮಕ್ಕಳಿಗೆ ಆ ಅಳು ಬೇಡ.